ದ್ರವ ಸಾರಜನಕದ ಜಾಡಿಯ ಮೇಲೆ ಹಿಮ ಕಂಡರೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆ ತೋಟದ ಮನೆಗಳಲ್ಲಿ ಎರಡು ಮೂರು ಮಿಶ್ರತಳಿ ಹಸುಗಳಿರುವುದು ಸಾಮಾನ್ಯ. ಕೃತಕ ಗರ್ಭಧಾರಣೆ ಮಾಡಿಸಿದ ಹಸು ಗಬ್ಬ ನಿಲ್ಲದಿದ್ದರೆ ಮುಂದಿನ ಬೆದೆಗಾಗಿ ಸುಮಾರು 21 ದಿನ ಕಾಯಬೇಕು. ಹಿಂಡಿಯ ಖರ್ಚು ಮಾತ್ರ ಕಾಯುವುದಿಲ್ಲ. ಗಬ್ಬ ನಿಲ್ಲದಿರಲು ಕಾರಣಗಳು ಹಲವು: ಬೆದೆಯ ಹೊತ್ತು ತಪ್ಪಿರಬಹುದು, ಗರ್ಭಕೋಶದಲ್ಲಿ ಸೋಂಕಿರಬಹುದು, ಖನಿಜಾಂಶ ಸಾಲದೆ ಇರಬಹುದು. ಆದರೆ ಒಂದೇ ಹಾಲಿನ ಸಂಘದ ವ್ಯಾಪ್ತಿಯಲ್ಲಿ, ಒಂದೇ ವಾರ ಗರ್ಭಧಾರಣೆ ಮಾಡಿಸಿದ ಐದಾರು ಮನೆಗಳ ಹಸುಗಳು ಒಟ್ಟಿಗೆ ಮರಳಿ ಬೆದೆಗೆ ಬಂದರೆ, ವೀರ್ಯವಿಟ್ಟ ಜಾಡಿಯನ್ನೂ ಪರೀಕ್ಷಿಸಬೇಕು.

ನಮ್ಮ ದೇಶದಲ್ಲಿ ಕೃತಕ ಗರ್ಭಧಾರಣೆ ಮೊದಲಿಗೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿ ಫಾರಮ್ಮಿನಲ್ಲಿ, ಸಂಪತ್ ಕುಮಾರನ್ ಅವರಿಂದ. ಆಗ ಬಳಸುತ್ತಿದ್ದುದು ಘನೀಕರಿಸದ ವೀರ್ಯ. ಅದನ್ನು ಬಹಳ ದಿನ ಇಡುವಂತಿರಲಿಲ್ಲ. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಗ್ಲಿಸರಿನ್ ಬೆರೆಸಿದರೆ ವೀರ್ಯಾಣುಗಳು ಘನೀಕರಣವನ್ನು ತಾಳಿಕೊಳ್ಳುತ್ತವೆಂದು ತೋರಿಸಿದರು. ಮೊದಮೊದಲು ಅದನ್ನು ಇಡುತ್ತಿದ್ದುದು ಒಣ ಮಂಜುಗಡ್ಡೆಯಲ್ಲಿ, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡಿನಲ್ಲಿ, ಸುಮಾರು ಸೊನ್ನೆಗಿಂತ 79 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಷ್ಟು ತಂಪು ಸಾಲದೆಂದು ಕಂಡು, ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬಳಕೆಗೆ ಬಂತು.

ಇವೆರಡರ ಪಾತ್ರೆಗಳ ಗುಣ ಬೇರೆ ಬೇರೆ. ದ್ರವ ಇಂಗಾಲದ ಡೈಆಕ್ಸೈಡ್ ದ್ರವವಾಗಿಯೇ ಇರಬೇಕಾದರೆ ಒತ್ತಡ ಬೇಕು. ಒತ್ತಡ ವಾತಾವರಣದ ಐದು ಪಟ್ಟಿಗಿಂತ ಕೆಳಗಿಳಿದರೆ ಅದು ಹಿಮದ ಪುಡಿಯಾಗಿ ಕೊಳವೆ ಕಟ್ಟುತ್ತದೆ. ಆದ್ದರಿಂದ ಆ ಟ್ಯಾಂಕಿಗೆ ಭದ್ರವಾದ ಮುಚ್ಚಳ, ಒತ್ತಡದ ಮಾಪಕ, ಸುರಕ್ಷಾ ಕವಾಟ ಎಲ್ಲವೂ ಇವೆ. ಅದರ ಕೊಳವೆಯ ಮೇಲೆ ಹಿಮ ಕಂಡರೆ ಯಾರೂ ಗಾಬರಿಯಾಗುವುದಿಲ್ಲ. ಸಾರಜನಕದ ಜಾಡಿಯಾದರೋ ಒತ್ತಡವಿಲ್ಲದ ಪಾತ್ರೆ. ಥರ್ಮೋಸ್ ಫ್ಲಾಸ್ಕಿನಂತೆ ಎರಡು ಗೋಡೆ, ನಡುವೆ ನಿರ್ವಾತ. ಒಳಗೆ ಸದಾ ಆವಿಯಾಗುತ್ತಿರುವ ಸಾರಜನಕ ಸಡಿಲವಾದ ಬಿರಡೆಯ ಪಕ್ಕದಿಂದ ಹೊರಹೋಗಲೇಬೇಕು. ಒಂದು ಲೀಟರ್ ದ್ರವ ಸುಮಾರು 690 ಲೀಟರ್ ಅನಿಲವಾಗುತ್ತದೆ. ಚೆಲ್ಲೀತೆಂಬ ಭಯದಿಂದ ಬಾಯಿಗೆ ಬಟ್ಟೆ ತುರುಕಿ ಬಿಗಿಯುವವರಿದ್ದಾರೆ. ಇದು ಜಾಡಿಯನ್ನೇ ಸಿಡಿಮದ್ದು ಮಾಡಿದಂತೆ.

ಈಗ ಹಿಮದ ವಿಚಾರ. ದ್ರವ ತುಂಬಿದ ಕೂಡಲೇ ಕುತ್ತಿಗೆಯ ಸುತ್ತ ತೆಳುವಾಗಿ ಹಿಮ ಕಟ್ಟುವುದು ಸಹಜ. ಸ್ವಲ್ಪ ಹೊತ್ತಿನಲ್ಲಿ ಕರಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ನಮ್ಮೂರಿನ ಗಾಳಿಯೇ ಒದ್ದೆ. ಆಗ ಕುತ್ತಿಗೆಯ ಬಳಿ ನೀರಿನ ಹನಿ ಕಂಡ ಮಾತ್ರಕ್ಕೆ ಜಾಡಿ ಕೆಟ್ಟಿತೆನ್ನಲಾಗದು. ಆದರೆ ತುಂಬಿ ಬಹಳ ಹೊತ್ತಾದರೂ ಜಾಡಿಯ ಹೆಗಲಿನಲ್ಲೋ ಹೊಟ್ಟೆಯ ಮೇಲೋ ಬಿಳಿ ಹಿಮ ನಿಂತಿದ್ದರೆ ಒಳಗಿನ ನಿರ್ವಾತ ಹೋಗಿದೆ ಎಂದರ್ಥ. ಇದನ್ನು ಊರಿನಲ್ಲಿ ಬೆಸುಗೆ ಹಾಕಿ ಸರಿಪಡಿಸಲಾಗದು. ತಡಮಾಡದೆ ವೀರ್ಯದ ಕಡ್ಡಿಗಳನ್ನು ದ್ರವ ತುಂಬಿದ ಇನ್ನೊಂದು ಜಾಡಿಗೆ ದಾಟಿಸಬೇಕು. ಇನ್ನೊಂದು ಎಚ್ಚರ: ನಿನ್ನೆ ಇದ್ದ ಹಿಮ ಇಂದು ಇಲ್ಲವೆಂದು ಸಮಾಧಾನಪಡಬಾರದು. ದ್ರವ ಪೂರ್ತಿ ಆರಿಹೋದರೂ ಹಿಮ ಮಾಯವಾಗುತ್ತದೆ.

ಸಂಶಯವಿದ್ದರೆ ತೂಕ ಮಾಡಿ ನೋಡಬೇಕು. 35 ಲೀಟರಿನ ಜಾಡಿಯನ್ನು ಸಂಘದ ತಕ್ಕಡಿಯಲ್ಲಿ ಇಂದು ಬೆಳಿಗ್ಗೆ ತೂಗಿ, ಮುಚ್ಚಳ ತೆಗೆಯದೆ ನಾಳೆ ಅದೇ ಹೊತ್ತಿಗೆ ಮತ್ತೆ ತೂಗಿರಿ. 800 ಗ್ರಾಂ ಇಳಿದಿದ್ದರೆ ಒಂದು ಲೀಟರ್ ಆರಿದೆ. ಆ ಗಾತ್ರದ ಜಾಡಿಗೆ ಅದು ಮಿತಿ ಮೀರಿದ ನಷ್ಟ. ದಿನನಿತ್ಯದ ಮಟ್ಟ ನೋಡಲು ಮರದ ಅಳತೆಕೋಲು ಸಾಕು. ತಳ ಮುಟ್ಟಿಸಿ, ಹತ್ತು ಎಣಿಸಿ, ಹೊರತೆಗೆದು ಗಾಳಿಯಲ್ಲಿ ಬೀಸಿದರೆ ಹಿಮ ಎಲ್ಲಿಯವರೆಗೆ ಕಟ್ಟಿದೆಯೋ ಅಷ್ಟು ದ್ರವ ಇದೆ. ಟೊಳ್ಳು ಕೊಳವೆಯನ್ನು ಇಳಿಸಕೂಡದು, ದ್ರವ ಮುಖಕ್ಕೆ ಚಿಮ್ಮುತ್ತದೆ.

ಆರಿದ ಜಾಡಿಗೆ ಮತ್ತೆ ದ್ರವ ತುಂಬಿ, ಅದೇ ಕಡ್ಡಿಗಳನ್ನು ಬಳಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಒಮ್ಮೆ ಬಿಸಿಯಾದ ವೀರ್ಯ ಪುನಃ ತಂಪಾಗಿಸಿದರೆ ಬದುಕುವುದಿಲ್ಲ. ಕಡ್ಡಿಯನ್ನು ನೋಡಿದರೆ ವ್ಯತ್ಯಾಸ ತಿಳಿಯುವುದೂ ಇಲ್ಲ. ಅಂಥದ್ದನ್ನು ಎಸೆಯುವುದೇ ಲಾಭ. ಯಾವ ದಿನ ಎಷ್ಟು ಮಟ್ಟವಿತ್ತೆಂದು ಬರೆದಿಡುವ ಪುಸ್ತಕವನ್ನು ತೋರಿಸಿರೆಂದು ಸಂಘದ ಸದಸ್ಯರು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಜಾಡಿಯನ್ನು ಜೀಪಿನಲ್ಲಿ ಸಾಗಿಸುವಾಗ ಕಿಟಕಿ ತೆರೆದಿರಲಿ. ಸಾರಜನಕಕ್ಕೆ ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಅದು ತುಂಬಿಕೊಂಡರೆ ಉಸಿರು ಕಟ್ಟುವುದು ತಿಳಿಯುವ ಮೊದಲೇ ಎಚ್ಚರ ತಪ್ಪುತ್ತದೆ. ಕೈಗೆ ದ್ರವ ತಾಗಿ ಚರ್ಮ ಬೆಳ್ಳಗಾದರೆ ಉಜ್ಜದೆ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ವೈದ್ಯರಲ್ಲಿಗೆ ಹೋಗಬೇಕು.