ಶೇಷಮಾರ್ಗದ ಘೋಷಣೆ: ಗಣಕಜಾಲದ ಒಂದು ವಿಧಿಯ ವಿವೇಚನೆ

ಗಣಕಯಂತ್ರವೂ ಅಂತರ್ಜಾಲವೂ ಇಂದು ನಮ್ಮ ಪಾಠಶಾಲೆಗಳ ಹೊಸ್ತಿಲನ್ನು ದಾಟಿ ಒಳಗೆ ಬಂದಿವೆ. ಪರೀಕ್ಷೆಯ ಪ್ರವೇಶಪತ್ರ, ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ ಮುಂತಾದವೆಲ್ಲ ಆ ದಾರಿಯಲ್ಲಿಯೇ ಹೋಗಿ ಬರಬೇಕಾಗಿದೆ. ಸಂಪರ್ಕವು ಕಡಿದಾಗ ‘ಲೈನ್ ಇಲ್ಲ’ ಎಂಬ ಎರಡು ಮಾತುಗಳಲ್ಲಿ ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಎಷ್ಟೋ ಸಲ ಲೈನ್ ಇರುತ್ತದೆ. ದಾರಿ ತೋರಿಸಬೇಕಾದ ಯಂತ್ರವು ಮುಚ್ಚಿದ ದಾರಿಯ ಕಡೆಗೇ ಕೈ ತೋರಿಸುತ್ತಿರುತ್ತದೆ. ಹೀಗಾಗದಂತೆ ತಡೆಯುವ ಒಂದು ಚಿಕ್ಕ ವಿಧಿಯನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ವಿಷಯವು ಯಂತ್ರಶಾಸ್ತ್ರಕ್ಕೆ ಸೇರಿದ್ದಾದರೂ ಅದರ ತಿರುಳು ಶಬ್ದಶಾಸ್ತ್ರವನ್ನು ಬಲ್ಲವರಿಗೆ ಅಪರಿಚಿತವೇನಲ್ಲ.

ವಿಷಯಪ್ರವೇಶ

ಸಿದ್ಧಕಟ್ಟೆಯ ಪೇಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿಂದ ದಕ್ಷಿಣಕ್ಕೆ ಬಂಟ್ವಾಳ, ಉತ್ತರಕ್ಕೆ ಮೂಡುಬಿದಿರೆ, ಪೂರ್ವಕ್ಕೆ ವೇಣೂರು. ಕೂಡುರಸ್ತೆಯಲ್ಲಿ ದಾರಿಹಲಗೆಯನ್ನು ಬರೆಯುವವನು ನಾಡಿನ ಎಲ್ಲ ಊರುಗಳ ಹೆಸರುಗಳನ್ನೂ ಬರೆಯಲಾರನು. ಬರೆಯಬೇಕಾದ ಅಗತ್ಯವೂ ಇಲ್ಲ. ಹತ್ತಿರದ ಊರುಗಳನ್ನು ಹೆಸರಿಸಿ, ‘ಉಳಿದ ಊರುಗಳಿಗೆ ಬಂಟ್ವಾಳದ ಕಡೆ’ ಎಂದು ಬರೆದರೆ ಸಾಕು. ಬಂಟ್ವಾಳಕ್ಕೆ ಹೋದವನಿಗೆ ಬಿ.ಸಿ.ರೋಡು ಸಿಗುತ್ತದೆ; ಅಲ್ಲಿಂದ ಬೆಂಗಳೂರಿನ ಹೆದ್ದಾರಿಯು ಸಿಗುತ್ತದೆ. ಹೆಸರಿಸದೆ ಉಳಿದ ಎಲ್ಲದಕ್ಕೂ ಅನ್ವಯಿಸುವ ಈ ಒಂದು ಸಾಲನ್ನೇ ಜಾಲತಂತ್ರಜ್ಞರು ಡೀಫಾಲ್ಟ್ ರೂಟ್ ಎನ್ನುತ್ತಾರೆ. ಹೇಳಿ ಉಳಿದುದನ್ನು ಶೇಷವೆಂದು ಕರೆಯುವುದು ನಮ್ಮ ಶಾಸ್ತ್ರಗಳ ರೂಢಿಯಾದುದರಿಂದ ಇದನ್ನು ‘ಶೇಷಮಾರ್ಗ’ವೆಂದು ಕರೆಯೋಣ.

ಜಾಲದಲ್ಲಿ ದಾರಿಹಲಗೆಯ ಕೆಲಸವನ್ನು ಮಾಡುವ ಯಂತ್ರಕ್ಕೆ ರೂಟರ್ ಎಂದು ಹೆಸರು. ನಾವು ಕಳುಹಿಸುವ ಪತ್ರ, ಚಿತ್ರ, ಧ್ವನಿಗಳೆಲ್ಲ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದು, ಪ್ರತಿಯೊಂದರ ಮೇಲೂ ವಿಳಾಸವನ್ನು ಹೊತ್ತು ಸಾಗುತ್ತವೆ. ಬಹುಕಾಲದಿಂದ ಬಳಕೆಯಲ್ಲಿರುವ ವಿಳಾಸಕ್ರಮದಲ್ಲಿ 32 ದ್ವಿಮಾನ ಅಂಕೆಗಳಿದ್ದು, ಸುಮಾರು 429 ಕೋಟಿ ವಿಳಾಸಗಳಿಗೆ ಅವಕಾಶವಿದೆ. ಅವುಗಳನ್ನು ಗುಂಪುಗುಂಪಾಗಿ ಸೇರಿಸಿ ಬರೆದರೂ ಲೋಕದ ಮಾರ್ಗಗಳ ಪೂರ್ಣಪಟ್ಟಿಯು ಒಂಬತ್ತು ಲಕ್ಷ ಸಾಲುಗಳನ್ನು ಮೀರಿದೆ. ಅದನ್ನೆಲ್ಲ ಒಂದು ಶಾಲೆಯ ಪುಟ್ಟ ರೂಟರ್ ಹೊರಲಾರದು. ಆದುದರಿಂದ ಅದು ತನ್ನ ಆವರಣದ ಕೆಲವು ಮಾರ್ಗಗಳನ್ನು ಮಾತ್ರ ಇಟ್ಟುಕೊಂಡು, ಉಳಿದುದೆಲ್ಲಕ್ಕೂ ಶೇಷಮಾರ್ಗವನ್ನು ಆಶ್ರಯಿಸುತ್ತದೆ. ಶೇಷಮಾರ್ಗದ ಬರವಣಿಗೆ 0.0.0.0/0 ಎಂದು. ಗೀಟಿನ ಮುಂದಿನ ಸೊನ್ನೆಗೆ ‘ವಿಳಾಸದ ಯಾವ ಅಂಕೆಯನ್ನೂ ಪರೀಕ್ಷಿಸಬೇಕಾಗಿಲ್ಲ’ ಎಂದು ಅರ್ಥ. ಯಾವ ಷರತ್ತೂ ಇಲ್ಲದ್ದರಿಂದ ಅದು ಎಲ್ಲ ವಿಳಾಸಗಳಿಗೂ ಹೊಂದುತ್ತದೆ.

ಉತ್ಸರ್ಗ ಮತ್ತು ಅಪವಾದ

ಎಲ್ಲಕ್ಕೂ ಹೊಂದುವ ಸಾಲೊಂದು ಪಟ್ಟಿಯಲ್ಲಿದ್ದರೆ ಉಳಿದ ಸಾಲುಗಳ ಗತಿಯೇನು? ಈ ಸಂಶಯಕ್ಕೆ ವ್ಯಾಕರಣವೇ ಉತ್ತರ ಕೊಡುತ್ತದೆ. ಕನ್ನಡದಲ್ಲಿ ಬಹುವಚನಕ್ಕೆ ‘ಗಳು’ ಎಂಬುದು ಸಾಮಾನ್ಯವಾದ ಪ್ರತ್ಯಯ: ಮರಗಳು, ಊರುಗಳು. ಮನುಷ್ಯವಾಚಕವಾದ ಅಕಾರಾಂತ ಪದಗಳಲ್ಲಿ ಅದನ್ನು ಬಾಧಿಸಿ ‘ರು’ ಬರುತ್ತದೆ: ಅರಸರು, ಸೇವಕರು. ಬಂಧುವಾಚಕಗಳಲ್ಲಿ ಅದನ್ನೂ ಬಾಧಿಸಿ ‘ಅಂದಿರು’ ಬರುತ್ತದೆ: ಅಣ್ಣಂದಿರು, ತಮ್ಮಂದಿರು. ‘ಅಣ್ಣ’ ಎಂಬ ಪದಕ್ಕೆ ಮೂರು ವಿಧಿಗಳೂ ಪ್ರಾಪ್ತವಾದರೂ ಹೆಚ್ಚು ವಿಶೇಷವಾದ ವಿಧಿಯೇ ಗೆಲ್ಲುತ್ತದೆ. ಉತ್ಸರ್ಗಕ್ಕಿಂತ ಅಪವಾದವು ಬಲವತ್ತರವೆಂಬ ನ್ಯಾಯವಿದು.

ರೂಟರ್ ಅನುಸರಿಸುವುದೂ ಇದೇ ನ್ಯಾಯವನ್ನು. ವಿಳಾಸದ 24 ಅಂಕೆಗಳು ಹೊಂದುವ ಸಾಲು 16 ಅಂಕೆಗಳು ಹೊಂದುವ ಸಾಲನ್ನು ಬಾಧಿಸುತ್ತದೆ. 16ರ ಸಾಲು 8ರದನ್ನು ಬಾಧಿಸುತ್ತದೆ. ಒಂದು ಅಂಕೆಯನ್ನೂ ನೋಡದ ಶೇಷಮಾರ್ಗವು ಎಲ್ಲಕ್ಕಿಂತ ದುರ್ಬಲ. ಬೇರೆ ಯಾವುದೂ ಹೊಂದದಿದ್ದಾಗ ಮಾತ್ರ ಅದರ ಸರದಿ. ಸಿಸ್ಕೋ ಸಂಸ್ಥೆಯ ರೂಟರ್‌ಗಳು ಶೇಷಮಾರ್ಗವಿರುವ ದಿಕ್ಕನ್ನು ‘ಗೇಟ್‌ವೇ ಆಫ್ ಲಾಸ್ಟ್ ರಿಸಾರ್ಟ್’, ಎಂದರೆ ‘ಕಟ್ಟಕಡೆಯ ಆಶ್ರಯದ ದ್ವಾರ’ವೆಂದು ತೋರಿಸುವುದು ಅನ್ವರ್ಥವಾಗಿಯೇ ಇದೆ.

ಘೋಷಣೆಯ ಕ್ರಮ

ಜಾಲದಲ್ಲಿ ಒಂದೇ ರೂಟರ್ ಇದ್ದರೆ ಶೇಷಮಾರ್ಗವನ್ನು ಕೈಯಿಂದ ಬರೆದಿಟ್ಟರಾಯಿತು. ಹತ್ತಾರು ರೂಟರ್‌ಗಳಿದ್ದರೆ ಪ್ರತಿಯೊಂದರಲ್ಲೂ ಬರೆಯುವುದು, ಲೋಕದ ಕಡೆಗಿನ ದ್ವಾರವು ಬದಲಾದಾಗಲೆಲ್ಲ ಅಳಿಸಿ ತಿದ್ದುವುದು ಅಸಾಧ್ಯ. ಈ ಕಷ್ಟವನ್ನು ನೀಗಲು ರೂಟರ್‌ಗಳು ತಮ್ಮತಮ್ಮೊಳಗೆ ಸಂವಾದ ನಡೆಸಿ ಮಾರ್ಗಗಳನ್ನು ತಿಳಿದುಕೊಳ್ಳುವ ನಡಾವಳಿಗಳನ್ನು ರೂಪಿಸಲಾಯಿತು. 1988ರಲ್ಲಿ ಲಿಖಿತವಾದ ರಿಪ್ ಎಂಬ ನಡಾವಳಿಯು ನಡುವಿನ ರೂಟರ್‌ಗಳನ್ನು ಎಣಿಸಿ ದೂರವನ್ನು ಅಳೆಯುತ್ತದೆ. ಹದಿನಾರು ಎಂದರೆ ಅದಕ್ಕೆ ಅನಂತ. 1989ರಲ್ಲಿ ಮೊದಲು ಪ್ರಕಟವಾಗಿ, 1998ರಲ್ಲಿ ಜಾನ್ ಮೊಯ್ ಅವರ ಕೈಯಲ್ಲಿ ಈಗಿನ ರೂಪವನ್ನು ಪಡೆದ ಓಎಸ್‌ಪಿಎಫ್ ಎಂಬುದು ಅದಕ್ಕಿಂತ ಪ್ರೌಢವಾದುದು. ಇದರಲ್ಲಿ ಪ್ರತಿಯೊಂದು ರೂಟರ್ ತನ್ನ ಕೊಂಡಿಗಳ ಸ್ಥಿತಿಯನ್ನು ಸಾರುತ್ತದೆ. ಆ ಸಾರಿಕೆಗಳಿಂದ ಎಲ್ಲವೂ ಒಂದೇ ನಕ್ಷೆಯನ್ನು ರಚಿಸಿಕೊಂಡು, ಡೈಕ್‌ಸ್ಟ್ರಾ ಎಂಬ ವಿದ್ವಾಂಸರು 1959ರಲ್ಲಿ ಪ್ರಕಟಿಸಿದ ಗಣಿತಕ್ರಮದಿಂದ ಅತ್ಯಂತ ಹತ್ತಿರದ ದಾರಿಯನ್ನು ಲೆಕ್ಕ ಹಾಕುತ್ತವೆ.

ಈ ನಕ್ಷೆಯು ಆವರಣದೊಳಗಿನದು. ಹೊರಲೋಕದ ದ್ವಾರ ಎಲ್ಲಿದೆಯೆಂಬುದನ್ನು ದ್ವಾರದಲ್ಲಿರುವ ರೂಟರ್ ತಾನಾಗಿ ಸಾರಬೇಕು. ಇದಕ್ಕೆ ನಮ್ಮ ದೇಶದಲ್ಲಿಯೇ ಹಳೆಯ ದೃಷ್ಟಾಂತವುಂಟು. 1986ರಲ್ಲಿ ಎರ್ನೆಟ್ ಎಂಬ ವಿದ್ಯಾಸಂಶೋಧನಾ ಜಾಲವು ಆರಂಭವಾದಾಗ ಅದರಲ್ಲಿ ಸೇರಿದ್ದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆರಂಭದ ವರ್ಷಗಳಲ್ಲಿ ಪರದೇಶದ ಜಾಲಗಳಿಗೆ ದ್ವಾರವಿದ್ದುದು ಮುಂಬಯಿಯ ಎನ್‌ಸಿಎಸ್‌ಟಿ ಎಂಬ ಸಂಸ್ಥೆಯಲ್ಲಿ. ಬೆಂಗಳೂರಿನ ವಿದ್ವಾಂಸರ ಪತ್ರ ಅಮೆರಿಕಕ್ಕೆ ಹೋಗಬೇಕಾದರೆ ಆ ಬಾಗಿಲಿನಿಂದಲೇ ಹೊರಡಬೇಕಾಗಿತ್ತು. ಒಳಗಿರುವವರು ಹಲವರು, ಬಾಗಿಲು ಒಂದು: ಶೇಷಮಾರ್ಗದ ಆವಶ್ಯಕತೆ ಹುಟ್ಟುವುದು ಇಂಥ ಸ್ಥಿತಿಯಲ್ಲಿ.

ಸಿಸ್ಕೋ ರೂಟರ್‌ಗಳಲ್ಲಿ ಇದರ ಕ್ರಮ ಹೀಗಿದೆ. ಮೊದಲು ದ್ವಾರದ ರೂಟರ್‌ನಲ್ಲಿ ಹೊರಗಿನ ಸೇವಾದಾತನ ಕಡೆಗೆ ಶೇಷಮಾರ್ಗವೊಂದನ್ನು ಬರೆಯಬೇಕು. ಬಳಿಕ ಓಎಸ್‌ಪಿಎಫ್ ವಿಭಾಗದಲ್ಲಿ ‘ಡೀಫಾಲ್ಟ್-ಇನ್ಫರ್ಮೇಶನ್ ಒರಿಜಿನೇಟ್’ ಎಂಬ ಆಜ್ಞೆಯನ್ನು ಕೊಡಬೇಕು. ‘ಕೈಯಿಂದ ಬರೆದ ಮಾರ್ಗಗಳನ್ನೆಲ್ಲ ಹಂಚು’ ಎಂಬ ಬೇರೆ ಆಜ್ಞೆಯುಂಟು. ಆದರೆ ಅದರಿಂದ ಶೇಷಮಾರ್ಗವು ಹಂಚಿಕೆಯಾಗುವುದಿಲ್ಲ. ‘ಎಲ್ಲ’ ಎಂದ ಮೇಲೆಯೂ ಇದನ್ನು ಹೊರಗಿಟ್ಟಿರುವುದು ಬುದ್ಧಿಪೂರ್ವಕವಾಗಿಯೇ. ಲೋಕಕ್ಕೆಲ್ಲ ನಾನು ದಾರಿಯೆಂದು ಹೇಳಿಕೊಳ್ಳುವುದು ಅಜಾಗ್ರತೆಯಿಂದ ಆಗಬಾರದ ಕಾರ್ಯ. ಅದನ್ನು ಸ್ಪಷ್ಟವಾಗಿ ವಿಧಿಸಬೇಕು. ಘೋಷಣೆಯು ತಲುಪಿದೆಯೇ ಎಂಬುದನ್ನು ಒಳಗಿನ ರೂಟರ್‌ನ ಮಾರ್ಗಪಟ್ಟಿಯಲ್ಲಿ ನೋಡಿ ತಿಳಿಯಬಹುದು: 0.0.0.0/0 ಎಂಬ ಸಾಲಿನ ಎದುರಿಗೆ ನಕ್ಷತ್ರಚಿಹ್ನೆಯಿರುತ್ತದೆ.

ಪೂರ್ವಪಕ್ಷ

ಇನ್ನು ಲೇಖನದ ಮುಖ್ಯಭಾಗಕ್ಕೆ ಬರೋಣ. ಮೇಲೆ ಹೇಳಿದ ಆಜ್ಞೆಗೆ ಒಂದು ನಿಬಂಧನೆಯುಂಟು. ದ್ವಾರದ ರೂಟರ್‌ನ ಬಳಿ ತನ್ನದೇ ಆದ ಶೇಷಮಾರ್ಗವು ಇದ್ದರೆ ಮಾತ್ರ ಅದು ಘೋಷಿಸುತ್ತದೆ. ಇಲ್ಲವಾದರೆ ಮೌನ ತಾಳುತ್ತದೆ. ಓಎಸ್‌ಪಿಎಫ್‌ನ ಮೂಲಕ ಬೇರೆಯವರಿಂದ ಕೇಳಿ ತಿಳಿದ ಶೇಷಮಾರ್ಗವು ಇಲ್ಲಿ ಗಣನೆಗೆ ಬಾರದು. ಅದನ್ನು ಒಪ್ಪಿದರೆ ‘ಅವನಿಗೆ ದಾರಿ ಗೊತ್ತು’ ಎಂದು ಇವನೂ, ‘ಇವನಿಗೆ ದಾರಿ ಗೊತ್ತು’ ಎಂದು ಅವನೂ ಹೇಳಿ ಅನ್ಯೋನ್ಯಾಶ್ರಯ ದೋಷವುಂಟಾದೀತು. ಪೊಟ್ಟಣವು ಇಬ್ಬರ ನಡುವೆ ತಿರುಗಿ ತಿರುಗಿ, ಪ್ರತಿ ಹೆಜ್ಜೆಗೂ ಒಂದೊಂದು ಕಡಿಮೆಯಾಗುವ ತನ್ನ ಆಯುಸ್ಸಿನ ಎಣಿಕೆ ಸೊನ್ನೆಗೆ ಇಳಿದಾಗ ನಾಶವಾದೀತು.

ಅದೇ ಆಜ್ಞೆಯ ಕೊನೆಯಲ್ಲಿ ‘ಆಲ್ವೇಸ್’, ಎಂದರೆ ‘ಸರ್ವದಾ’, ಎಂಬ ಪದವನ್ನು ಸೇರಿಸಿದರೆ ಈ ನಿಬಂಧನೆ ಕಳಚಿಹೋಗುತ್ತದೆ. ತನ್ನ ಬಳಿ ದಾರಿಯಿರಲಿ ಇಲ್ಲದಿರಲಿ, ರೂಟರ್ ಸದಾ ಘೋಷಿಸುತ್ತದೆ. ಇಲ್ಲಿ ಪೂರ್ವಪಕ್ಷದವರು ಹೇಳುವುದೇನೆಂದರೆ: ನಿಬಂಧನೆಯಿದ್ದರೆ ಹೊರಗಿನ ಕೊಂಡಿಯು ಏರಿಳಿದಾಗಲೆಲ್ಲ ಘೋಷಣೆಯೂ ಏರಿಳಿದು ಇಡೀ ಜಾಲವು ಮತ್ತೆ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ, ‘ಸರ್ವದಾ’ ಎಂದುಬಿಟ್ಟರೆ ನಿಶ್ಚಿಂತೆ.

ಸಿದ್ಧಾಂತ

ಈ ವಾದವನ್ನು ನಮ್ಮ ಘಟ್ಟಗಳ ಮೇಲಿಟ್ಟು ಪರೀಕ್ಷಿಸೋಣ. 2018ರ ಆಗಸ್ಟ್ ತಿಂಗಳಿನ ಮಳೆಗೆ ಗುಡ್ಡ ಜರಿದು ಶಿರಾಡಿಯ ದಾರಿ ಮುಚ್ಚಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿಯೂ ಹಾಗೆಯೇ ಆಯಿತು. ಇಂಥ ದಿನಗಳಲ್ಲಿ ಬಿ.ಸಿ.ರೋಡಿನ ಹಲಗೆಯು ‘ಬೆಂಗಳೂರು’ ಎಂದು ಬಾಣದ ಗುರುತು ತೋರಿಸುತ್ತಲೇ ಇರುತ್ತದೆ. ಹಲಗೆಗೆ ಬಣ್ಣ ಬಳಿದವನು ‘ಸರ್ವದಾ’ ಎಂದು ಬರೆದುಹೋಗಿದ್ದಾನೆ. ಅದನ್ನು ನಂಬಿದ ಲಾರಿಯವನು ಘಟ್ಟದ ಬುಡದವರೆಗೆ ಹೋಗಿ ನಿಲ್ಲಬೇಕು. ಪೊಲೀಸನೊಬ್ಬನು ಕೂಡುರಸ್ತೆಯಲ್ಲಿ ನಿಂತು ‘ಈ ದಾರಿಯಿಲ್ಲ, ಬೇರೆ ಘಟ್ಟದಿಂದ ಹೋಗಿ’ ಎಂದರೆ ಅವನಿಗೆ ಉಪಕಾರವಾದೀತು. ದಾರಿ ಸಾರುವುದು ಎಷ್ಟು ಮುಖ್ಯವೋ ಸಾರಿದುದನ್ನು ಸಕಾಲದಲ್ಲಿ ಹಿಂತೆಗೆಯುವುದೂ ಅಷ್ಟೇ ಮುಖ್ಯ.

ಓಎಸ್‌ಪಿಎಫ್‌ನಲ್ಲಿ ಹಿಂತೆಗೆಯುವ ಕ್ರಮವು ಸ್ವಾರಸ್ಯಕರವಾಗಿದೆ. ಪ್ರತಿಯೊಂದು ಘೋಷಣೆಗೂ ವಯಸ್ಸುಂಟು. ಘೋಷಿಸಿದವನು ಅದನ್ನು 1800 ಸೆಕೆಂಡುಗಳಿಗೊಮ್ಮೆ ನವೀಕರಿಸುತ್ತಾನೆ. 3600 ಸೆಕೆಂಡು ಅದರ ಪರಮಾಯು. ದಾರಿ ಕಡಿದ ಕೂಡಲೇ ದ್ವಾರದ ರೂಟರ್ ತನ್ನ ಘೋಷಣೆಯ ವಯಸ್ಸನ್ನು ಪರಮಾಯುವಿಗೆ ಏರಿಸಿ ಮತ್ತೊಮ್ಮೆ ಸಾರುತ್ತದೆ. ಕೇಳಿದವರೆಲ್ಲ ಅದನ್ನು ಅಳಿಸುತ್ತಾರೆ. ವಿದ್ಯುತ್ ಹೋಗಿ ದ್ವಾರದ ರೂಟರ್ ತಾನೇ ನಿಂತುಹೋದರೆ? ನೆರೆಯ ರೂಟರ್‌ಗಳು ಸಾಮಾನ್ಯವಾಗಿ ಹತ್ತು ಸೆಕೆಂಡಿಗೊಮ್ಮೆ ಪರಸ್ಪರ ಕುಶಲಪ್ರಶ್ನೆ ಮಾಡುತ್ತವೆ. ನಲವತ್ತು ಸೆಕೆಂಡು ಉತ್ತರ ಬಾರದಿದ್ದರೆ ಆತನಿಲ್ಲವೆಂದು ನಿಶ್ಚಯಿಸಿ ಹೊಸ ದಾರಿ ಹುಡುಕುತ್ತವೆ.

ಹಾಗಾದರೆ ‘ಸರ್ವದಾ’ ಎಂಬ ಪದವು ವ್ಯರ್ಥವೇ? ಅಲ್ಲ. ಲೋಕದ ಮಾರ್ಗಗಳ ಪೂರ್ಣಪಟ್ಟಿಯನ್ನೇ ಹೊತ್ತ ದೊಡ್ಡ ರೂಟರ್‌ಗಳಿವೆ. ಎಲ್ಲವನ್ನೂ ಹೆಸರಿಸಿ ಬಲ್ಲವನಿಗೆ ಶೇಷವೇ ಇಲ್ಲ; ಆದುದರಿಂದ ಶೇಷಮಾರ್ಗವೂ ಇಲ್ಲ. ಆದರೂ ಒಳಗಿನ ಚಿಕ್ಕ ಯಂತ್ರಗಳಿಗೆ ಅವನು ‘ನನ್ನ ಬಳಿಗೆ ಬನ್ನಿ’ ಎಂದು ಹೇಳುವುದು ಸತ್ಯವೇ. ಅಂಥಲ್ಲಿ ಆ ಪದವು ಸಾರ್ಥಕ. ಒಂದೇ ಕೊಂಡಿಯನ್ನು ನಂಬಿದ ಚಿಕ್ಕ ಸಂಸ್ಥೆಯಲ್ಲಿ ಅದರಿಂದ ಹೆಚ್ಚಿನ ಹಾನಿಯಿಲ್ಲ. ಹೇಗೂ ಬೇರೆ ದಾರಿಯಿಲ್ಲ. ಎರಡು ಕೊಂಡಿಗಳಿರುವಲ್ಲಿ ಮಾತ್ರ ಅದು ಅನರ್ಥಕಾರಿ.

ಎರಡು ದ್ವಾರಗಳು

ಒಂದು ವಿದ್ಯಾಸಂಸ್ಥೆಯ ಆವರಣವನ್ನು ಊಹಿಸಿಕೊಳ್ಳೋಣ. ಪ್ರೌಢಶಾಲೆಯ ಕಟ್ಟಡಕ್ಕೆ ಒಂದು ಸೇವಾದಾತನ ಕೊಂಡಿಯಿದೆ. ಮಳೆಗಾಲದಲ್ಲಿ ಮರ ಬಿದ್ದು ಅದು ಕಡಿಯುವುದರಿಂದ, ದಾನಿಗಳೊಬ್ಬರ ಔದಾರ್ಯದಿಂದ ವಿದ್ಯಾರ್ಥಿನಿಲಯಕ್ಕೆ ಎರಡನೆಯ ಕೊಂಡಿಯೂ ಬಂದಿದೆ. ಎರಡೂ ದ್ವಾರಗಳು ಶೇಷಮಾರ್ಗವನ್ನು ಘೋಷಿಸುತ್ತವೆ. ಮೊದಲನೆಯದು 10 ಎಂಬ ಬೆಲೆಯೊಡನೆ, ಎರಡನೆಯದು 100 ಎಂಬ ಬೆಲೆಯೊಡನೆ. ಕಡಿಮೆ ಬೆಲೆಯ ದಾರಿ ಗ್ರಾಹ್ಯವಾದುದರಿಂದ ಎಲ್ಲರೂ ಮೊದಲನೆಯದನ್ನೇ ಹಿಡಿಯುತ್ತಾರೆ. ಬೆಲೆಯಲ್ಲಿ ಎರಡು ಬಗೆಗಳುಂಟು. ಎರಡನೆಯ ಬಗೆಯೆಂಬುದರಲ್ಲಿ ದ್ವಾರವು ಹೇಳಿದ ಬೆಲೆಯೇ ಮುಖ್ಯ. ಒಳದಾರಿಯ ದೂರವು ಸಮಬಲವಾದಾಗ ಮಾತ್ರ ಗಣ್ಯ. ಮೊದಲನೆಯ ಬಗೆಯಲ್ಲಿ ಎರಡನ್ನೂ ಕೂಡಿಸಿ ನೋಡಬೇಕು. ಒಂದು ಮುಖ್ಯ, ಇನ್ನೊಂದು ಆಪದ್ಧರ್ಮಕ್ಕೆ ಎಂಬ ವ್ಯವಸ್ಥೆಗೆ ಎರಡನೆಯ ಬಗೆ ಯೋಗ್ಯ. ಹತ್ತಿರದ ಬಾಗಿಲಿನಿಂದಲೇ ಹೊರಡಲಿ ಎಂಬ ವ್ಯವಸ್ಥೆಗೆ ಮೊದಲನೆಯದು.

ಈಗ ಮರ ಬಿತ್ತೆಂದುಕೊಳ್ಳೋಣ. ನಿಬಂಧನೆಯಿದ್ದರೆ ಮೊದಲ ದ್ವಾರವು ಮೌನವಾಗುತ್ತದೆ, ಎರಡನೆಯದು ಮುಂದೆ ಬರುತ್ತದೆ, ಮಕ್ಕಳ ಅರ್ಜಿಗಳು ಹೋಗುತ್ತವೆ. ಮೊದಲ ದ್ವಾರದಲ್ಲಿ ‘ಸರ್ವದಾ’ ಎಂದಿದ್ದರೆ ಅದು 10ರ ಬೆಲೆಯನ್ನು ಕೂಗುತ್ತಲೇ ಇರುತ್ತದೆ. ಎಲ್ಲ ಪೊಟ್ಟಣಗಳೂ ಅಲ್ಲಿಗೇ ಹೋಗಿ ನಾಶವಾಗುತ್ತವೆ. ದಾನಿಗಳು ಕೊಟ್ಟ ಕೊಂಡಿಯು ಸುಸ್ಥಿತಿಯಲ್ಲಿದ್ದೂ ಕೆಲಸಕ್ಕೆ ಬಾರದು. ಒಂದು ಪದದ ಆಧಿಕ್ಯದಿಂದ ಒಂದು ದಾನವೇ ನಿಷ್ಫಲವಾಗುತ್ತದೆ.

ನಿಬಂಧನೆಯನ್ನು ಇಟ್ಟಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲ. ಕೈಯಿಂದ ಬರೆದ ಶೇಷಮಾರ್ಗವು ಪಟ್ಟಿಯಿಂದ ಅಳಿಯುವುದು ಪಕ್ಕದ ತಂತಿಯು ಕಡಿದರೆ ಮಾತ್ರ. ಸೇವಾದಾತನ ಪೆಟ್ಟಿಗೆಯು ಪಕ್ಕದಲ್ಲಿ ದೀಪ ಉರಿಸಿಕೊಂಡೇ ಇದ್ದು, ಅದರಾಚೆ ದಾರಿ ಕಡಿದಿದ್ದರೆ ರೂಟರ್‌ಗೆ ಅದು ತಿಳಿಯದು. ಬಿ.ಸಿ.ರೋಡಿನಿಂದ ಉಪ್ಪಿನಂಗಡಿಯವರೆಗೆ ರಸ್ತೆ ತೆರೆದಿದೆಯೆಂದು ಶಿರಾಡಿಯೂ ತೆರೆದಿದೆಯೆನ್ನಲಾದೀತೇ? ಆದುದರಿಂದ ದೂರದ ಒಂದೆರಡು ವಿಳಾಸಗಳಿಗೆ ಆಗಾಗ ಪರೀಕ್ಷೆಯ ಪೊಟ್ಟಣವನ್ನು ಕಳುಹಿಸಿ, ಉತ್ತರ ಬರುತ್ತಿರುವವರೆಗೆ ಮಾತ್ರ ಶೇಷಮಾರ್ಗವು ಪಟ್ಟಿಯಲ್ಲಿರುವಂತೆ ಕಟ್ಟಬೇಕು. ಒಂದು ಉತ್ತರ ತಪ್ಪಿದೊಡನೆ ಹಿಂತೆಗೆಯದೆ, ಕೆಲವು ಸಲ ತಪ್ಪಿದ ಮೇಲೆ ಹಿಂತೆಗೆಯುವಂತೆ ಮಾಡಿದರೆ ಪೂರ್ವಪಕ್ಷದವರು ಅಂಜಿದ ಏರಿಳಿತಕ್ಕೂ ಪರಿಹಾರವಾಯಿತು.

ಉಪಸಂಹಾರ

ಇಲ್ಲಿಯವರೆಗೆ ಹೇಳಿದುದನ್ನು ಸಂಗ್ರಹಿಸುವುದಾದರೆ: ಶೇಷಮಾರ್ಗವು ಉತ್ಸರ್ಗ, ಆದುದರಿಂದ ಎಲ್ಲ ಅಪವಾದಗಳಿಗೂ ಅದು ತಲೆಬಾಗುತ್ತದೆ. ಅದನ್ನು ಸಾರಲು ಪ್ರತ್ಯೇಕವಾದ ಆಜ್ಞೆ ಬೇಕು. ತನಗೆ ದಾರಿಯಿರುವಾಗ ಮಾತ್ರ ಸಾರುವ ನಿಬಂಧನೆಯನ್ನು ಕಾರಣವಿಲ್ಲದೆ ಕಳಚಬಾರದು. ಆ ದಾರಿಯು ನೆರೆಮನೆಯವರೆಗಲ್ಲದೆ ದೂರದವರೆಗೂ ಇದೆಯೆಂಬುದನ್ನು ಪರೀಕ್ಷಿಸುತ್ತಿರಬೇಕು.

ಸಂಸ್ಥೆಗಳ ಆಡಳಿತದವರಲ್ಲಿಯೂ ಉಪಾಧ್ಯಾಯಬಂಧುಗಳಲ್ಲಿಯೂ ಒಂದು ವಿಜ್ಞಾಪನೆ. ಎರಡನೆಯ ಕೊಂಡಿಯನ್ನು ಪಡೆದ ದಿನವೇ, ಯಂತ್ರವನ್ನು ಜೋಡಿಸಿದವರು ಇನ್ನೂ ಎದುರಿಗಿರುವಾಗ, ಮೊದಲನೆಯ ಕೊಂಡಿಯ ತಂತಿಯನ್ನು ಒಮ್ಮೆ ಕಳಚಿ ನೋಡಿರಿ. ಒಂದು ನಿಮಿಷದೊಳಗೆ ಕೆಲಸವು ಎರಡನೆಯ ದಾರಿಯಲ್ಲಿ ಮುಂದುವರಿಯಬೇಕು. ತಂತಿಯನ್ನು ಮತ್ತೆ ಸೇರಿಸಿ, ಸೇವಾದಾತನ ಪೆಟ್ಟಿಗೆಯ ಆಚೆಯ ಕೊಂಡಿಯನ್ನು ಕಳಚಿಯೂ ನೋಡಿರಿ. ಪರೀಕ್ಷೆಯ ಪೊಟ್ಟಣಗಳಿಗೆ ನಿಗದಿಮಾಡಿದ ಅವಧಿಯೊಳಗೆ ಆಗಲೂ ದಾರಿ ಬದಲಾಗಬೇಕು. ಈ ಎರಡು ಪರೀಕ್ಷೆಗಳನ್ನು ಮಳೆಗಾಲಕ್ಕೆ ಮೊದಲು ಪ್ರತಿವರ್ಷವೂ ನಡೆಸಿದರೆ, ಜಾಲದ ದಾರಿಹಲಗೆಯು ತೆರೆದ ದಾರಿಯನ್ನೇ ತೋರಿಸುತ್ತಿದೆಯೆಂದು ನಂಬಿ ನಡೆಯಬಹುದು.