ಅಂಕಗಳನ್ನು ಓದುವ ಬಗೆ

ಪ್ರಶ್ನೆ: ಮಗಳ ಚೊಚ್ಚಲ ಹೆರಿಗೆ ಸಮೀಪಿಸಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲೆಡೆಯೂ ನಂಟರಿದ್ದಾರೆ. ಆಸ್ಪತ್ರೆಗಳಿಗೆ ಸರ್ಕಾರ ಕೊಡುವ ಅಂಕಗಳನ್ನು ನಂಬಿ ಊರನ್ನು ಆರಿಸಬಹುದೆ?
– ಓರ್ವ ತಾಯಿ, ಇಂಡಿ

ಉತ್ತರ: ಮಾನ್ಯ ಸಹೋದರಿ, ಆ ಅಂಕಗಳು ನಿರಾಧಾರವಾದುವಲ್ಲ, ಆದರೆ ಅವುಗಳ ಮೂಲವನ್ನರಿತು ಓದತಕ್ಕದ್ದು. ಹೆರಿಗೆ, ಶಸ್ತ್ರಕ್ರಿಯೆ, ಮರಣಾದಿ ಸಂಖ್ಯೆಗಳನ್ನು ಸರ್ಕಾರಿ ಆಸ್ಪತ್ರೆಗಳು 2008ರಲ್ಲಿ ಆರಂಭವಾದ ಎಚ್‌ಎಂಐಎಸ್ ಎಂಬ ಗಣಕವ್ಯವಸ್ಥೆಗೆ ತಿಂಗಳು ತಿಂಗಳೂ ಒಪ್ಪಿಸುತ್ತವೆ. 2016ರ ‘ಮೇರಾ ಅಸ್ಪತಾಲ್’ ವ್ಯವಸ್ಥೆ ರೋಗಿಗಳ ಅಭಿಪ್ರಾಯವನ್ನು ದೂರವಾಣಿಯ ಮೂಲಕ ಸಂಗ್ರಹಿಸುತ್ತದೆ. 2017ರ ‘ಲಕ್ಷ್ಯ’ ಯೋಜನೆಯ ಪರೀಕ್ಷಕರಾದರೋ ಹೆರಿಗೆ ಕೋಣೆಯನ್ನೇ ಕಣ್ಣಾರೆ ಪರಿಶೀಲಿಸಿ, ಶೇ. 70ಕ್ಕೆ ಕಡಿಮೆಯಿಲ್ಲದ ಅಂಕ ಪಡೆದಲ್ಲಿ ಪ್ರಮಾಣಪತ್ರ ನೀಡುತ್ತಾರೆ.

ಆದಾಗ್ಯೂ, ಕಠಿಣ ಪ್ರಕರಣಗಳನ್ನೆಲ್ಲ ಜಿಲ್ಲಾ ಕೇಂದ್ರವಾದ ವಿಜಯಪುರಕ್ಕೆ ಸಾಗಹಾಕುವ ಆಸ್ಪತ್ರೆಯ ಲೆಕ್ಕ ನಿರ್ಮಲವಾಗಿಯೂ, ಅವನ್ನು ಸ್ವೀಕರಿಸುವ ಆಸ್ಪತ್ರೆಯ ಲೆಕ್ಕ ಕಳಂಕಿತವಾಗಿಯೂ ತೋರುವುದರಿಂದ, ರೋಗದ ತೀವ್ರತೆಯನ್ನು ಪರಿಗಣಿಸದ ಮರಣಸಂಖ್ಯೆಯೊಂದನ್ನೇ ಆಶ್ರಯಿಸಿ ನಿರ್ಣಯಿಸಕೂಡದು.

ಆದುದರಿಂದ, ‘ಕಾಯಕಲ್ಪ’ ಪ್ರಶಸ್ತಿ ಮುಖ್ಯವಾಗಿ ಸ್ವಚ್ಛತೆಗೆ ಸಂದುದೆಂದರಿತು, ‘ಲಕ್ಷ್ಯ’ ಪ್ರಮಾಣಪತ್ರವನ್ನೂ ಅದರ ಅವಧಿಯನ್ನೂ ವಿಚಾರಿಸಿರಿ; ರಾತ್ರಿವೇಳೆ ಪ್ರಸೂತಿತಜ್ಞರೂ ಅರಿವಳಿಕೆ ವೈದ್ಯರೂ ದೊರೆಯುವರೆ, ತುರ್ತಿಗೆ ರಕ್ತ ಸಿಗುವುದೆ ಎಂದು ಕೇಳಿರಿ. ಮಗಳಿಗೆ ತೀವ್ರ ರಕ್ತಹೀನತೆಯೋ ಅಧಿಕ ರಕ್ತದೊತ್ತಡವೋ ಇದ್ದರೆ, ಅಂಕಗಳ ತಾರತಮ್ಯವನ್ನು ಬದಿಗಿರಿಸಿ, ವೈದ್ಯರ ಸಲಹೆಯಂತೆ ದಿನ ತುಂಬುವ ಮುನ್ನವೇ ವಿಜಯಪುರದಲ್ಲಿ ವ್ಯವಸ್ಥೆ ಮಾಡಿಕೊಳ್ಳುವುದು ಕ್ಷೇಮ.