ಜಾಗಟೆಯ ನಾದವು ಯಾರಿಗಾಗಿ?

ಕಂಚಿನ ಒಂದು ತಟ್ಟೆ, ತೂಗುಹಾಕಲು ಒಂದು ಹಗ್ಗ, ಬಾರಿಸಲು ಒಂದು ಮರದ ಕೋಲು, ಜಾಗಟೆಯೆಂದರೆ ಇಷ್ಟೆ. ಆದರೂ ಗದ್ದುಗೆಯ ಮುಂದೆ ಅದರ ನಾದವು ಮೊಳಗಿದೊಡನೆ ಭಕ್ತರ ಕೈಗಳು ತಾವಾಗಿ ಜೋಡುತ್ತವೆ. ಈ ನಾದವು ಕರೆಯುವುದು ಶಿವನನ್ನೋ, ಭಕ್ತನನ್ನೋ? ವಿಚಾರಿಸತಕ್ಕ ಪ್ರಶ್ನೆಯಿದು.

ಮೊದಲು ಶಬ್ದಾರ್ಥವನ್ನು ನೋಡೋಣ. ಜಾಗಟೆ, ಜಾಗಂಟೆ, ಜೇಗಂಟೆ ಎಂಬ ರೂಪಗಳೆಲ್ಲ ಸಂಸ್ಕೃತದ 'ಜಯಘಂಟಾ' ಶಬ್ದಕ್ಕೆ ಸಂಬಂಧಿಸಿದವು. ತೆಲುಗಿನಲ್ಲಿ ಇದು ಜೇಗಂಟ, ತಮಿಳಿನಲ್ಲಿ ಸೇಗಂಡಿ. 'ಗಂಟೆ' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು: ಒಂದು ವಾದ್ಯ, ಇನ್ನೊಂದು ಕಾಲ. ಇದಕ್ಕೆ ಕಾರಣವಿದೆ. ಪೂರ್ವದಲ್ಲಿ ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಎಂದರೆ 24 ನಿಮಿಷ. ಅಹೋರಾತ್ರಿಗೆ ಇಂತಹ 60 ಗಳಿಗೆಗಳು. ಬಟ್ಟಲು ಮುಳುಗಿದೊಡನೆ ಕಾವಲಿನವನು ಲೋಹದ ತಟ್ಟೆಯನ್ನು ಬಾರಿಸಿ ಊರಿಗೆ ಕಾಲವನ್ನು ಸಾರುತ್ತಿದ್ದನು. 16ನೆಯ ಶತಮಾನದಲ್ಲಿ ಬಾಬರನು ತನ್ನ ಆತ್ಮಕಥೆಯಲ್ಲಿ ಈ ಪದ್ಧತಿಯನ್ನು ವರ್ಣಿಸಿದ್ದಾನೆ.

ಜಾವಾ ದ್ವೀಪದಲ್ಲಿಯೂ ಇದೇ ಸಂಬಂಧವು ಕಾಣುತ್ತದೆ. ಇಂಗ್ಲಿಷರು ಬಳಸುವ 'ಗಾಂಗ್' ಎಂಬ ಮಾತು ಜಾವಾ ಮತ್ತು ಮಲಯ ನುಡಿಗಳಿಂದ ಬಂದುದು. 2021ರಲ್ಲಿ ಯುನೆಸ್ಕೋ ಮನ್ನಣೆಯನ್ನು ಪಡೆದ ಅಲ್ಲಿಯ ಗಮೆಲಾನ್ ವಾದ್ಯಮೇಳದಲ್ಲಿ, ತೂಗುಹಾಕಿದ ಮಹಾಗಾಂಗನ್ನು ತಾಳದ ಒಂದು ದೀರ್ಘ ಆವರ್ತವು ಮುಗಿಯುವಾಗ ಬಾರಿಸುತ್ತಾರೆ. ಆ ಆವರ್ತಕ್ಕೆ 'ಗೊಂಗನ್' ಎಂದೇ ಹೆಸರು. ಅಲ್ಲಿಯೂ ವಾದ್ಯದ ಹೆಸರೇ ಕಾಲದ ಅಳತೆಗೆ ಹೆಸರಾಯಿತು.

ಇದರಿಂದ ತಿಳಿಯುವುದೇನು? ಕಾಲವನ್ನು ಸಾರುವ ನಾದವು ಕಾಲಾತೀತನಾದ ಶಿವನಿಗೆ ಬೇಕಾಗಿಲ್ಲ. ಅದು ಕಾಲಕ್ಕೆ ಒಳಗಾದ ಮಾನವನಿಗೆ ಬೇಕು. 'ಒಂದು ಗಳಿಗೆ ಕಳೆಯಿತು, ಎಚ್ಚರವಾಗು' ಎಂಬುದೇ ಜಾಗಟೆಯ ನುಡಿ.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಈ ತತ್ತ್ವವನ್ನು ನಿಸ್ಸಂದಿಗ್ಧವಾಗಿ ಬೋಧಿಸಿದರು. ನಾದಕ್ಕೆ ಹೆಸರಾದ ರಾವಣನನ್ನು ಅವನ ನಾದವು ಕಾಯಲಿಲ್ಲ. ವೇದಕ್ಕೆ ಹೆಸರಾದ ಬ್ರಹ್ಮನನ್ನು ಅವನ ವೇದವು ಕಾಯಲಿಲ್ಲ. ಈ ದೃಷ್ಟಾಂತಗಳನ್ನು ಕೊಟ್ಟು, ಕೂಡಲಸಂಗಮದೇವನು ಒಲಿಯುವುದು ಭಕ್ತಿಯೊಂದಕ್ಕೇ ಎಂದು ಅವರು ಸಾರಿದರು. ಇದು ನಾದದ ನಿಂದೆಯಲ್ಲ. ಭಕ್ತಿಯಿಲ್ಲದ ನಾದವು ಬರಿಯ ಸದ್ದೆಂಬ ಎಚ್ಚರಿಕೆ.

ಈ ಎಚ್ಚರಿಕೆ ಇಂದು ಹೆಚ್ಚು ಅವಶ್ಯವಾಗಿದೆ. ಈಗ ಅನೇಕ ದೇವಾಲಯಗಳಲ್ಲಿ ಗುಂಡಿಯನ್ನೊತ್ತಿದರೆ ವಿದ್ಯುತ್ತಿನಿಂದ ಜಾಗಟೆ, ಗಂಟೆ, ನಗಾರಿಗಳನ್ನು ತಾನೇ ಬಾರಿಸುವ ಯಂತ್ರಗಳು ಬಂದಿವೆ. ನಾದವು ಶಿವನಿಗಾಗಿಯೇ ಇದ್ದಿದ್ದರೆ ಯಂತ್ರದಿಂದಲೂ ಕಾರ್ಯವು ಸಾಗುತ್ತಿತ್ತು. ಆದರೆ ಭಕ್ತನ ಎಚ್ಚರವೇ ಅದರ ಫಲವಾದುದರಿಂದ, ಬಾರಿಸುವ ಕೈಯೊಡನೆ ಮನಸ್ಸೂ ಅಲ್ಲಿರಬೇಕು. ಯಂತ್ರವು ಸದ್ದು ಮಾಡಬಲ್ಲುದು, ಭಕ್ತನಿಗೆ ಬದಲಾಗಿ ಎಚ್ಚರಾಗಲಾರದು. ಕೈಯಿಂದಲೇ ಬಾರಿಸಿದರೂ ಮನಸ್ಸು ಬೇರೆಡೆಯಿದ್ದರೆ ಆ ಕೈಯೂ ಯಂತ್ರವೇ ಸರಿ.

ಬಡಿದಾಗ ಹುಟ್ಟುವುದು ಆಹತ ನಾದ. ಬಡಿಯದೆಯೇ ಅಂತರಂಗದಲ್ಲಿ ತೋರುವುದು ಅನಾಹತ ನಾದ. ಜಾಗಟೆಯು ಮೊದಲನೆಯದರಿಂದ ಎರಡನೆಯದರ ಕಡೆಗೆ ತಿರುಗಿಸುವ ಸಾಧನವು ಮಾತ್ರ. ಬಾರಿಸಿದ ಬಳಿಕ ಅದರ ಮೊಳಗು ಒಮ್ಮೆಗೇ ನಿಲ್ಲದೆ ಮೆಲ್ಲಮೆಲ್ಲನೆ ಅಡಗುತ್ತದೆ. ಅದು ಅಡಗುವವರೆಗೆ ಕಿವಿಗೊಟ್ಟು, ಅಡಗಿದ ಮೇಲಿನ ಮೌನದಲ್ಲಿ ಕರಸ್ಥಲದ ಇಷ್ಟಲಿಂಗವನ್ನು ದೃಷ್ಟಿಸಿದರೆ ಮನಸ್ಸು ಸುಲಭವಾಗಿ ನಿಲ್ಲುತ್ತದೆ. ಜಾಗಟೆಯಿಲ್ಲದ ಮನೆಯವರು ಕೊರಗಬೇಕಾಗಿಲ್ಲ. ಅಂಗೈಯೊಳಗಿನ ಲಿಂಗವನ್ನು ಕೂಗಿ ಕರೆಯುವ ಅಗತ್ಯವೆಲ್ಲಿ?

ಬಿರುಕು ಬಿಟ್ಟ ಜಾಗಟೆಯನ್ನು ಎಷ್ಟು ಬಲವಾಗಿ ಬಡಿದರೂ ಒಡಕು ದನಿಯೇ ಹೊರಡುತ್ತದೆ. ಬೆಳಗಿನಲ್ಲಿ ಪೂಜೆ ಮಾಡಿ, ಹಗಲಿನಲ್ಲಿ ತಕ್ಕಡಿಯನ್ನು ವಾಲಿಸುವವನ ಬಾಳೂ ಅಂತಹುದೇ. ನುಡಿ ನಡೆಗಳ ನಡುವೆ ಬಿರುಕಿಲ್ಲದಂತೆ ಕಾಯಕವನ್ನು ಸತ್ಯಶುದ್ಧವಾಗಿ ನಡೆಸಿದರೆ, ಕಳೆದ ಗಳಿಗೆಯು ವ್ಯರ್ಥವಾಗದು. ಜಾಗಟೆಯ ಕರೆಯನ್ನು ಕೇಳಿದುದಕ್ಕೆ ಅದೇ ಸಾಕ್ಷಿ.